ಗ್ಯಾರೇಜಿನ ಬೆಂಚಿಗೆ ಮೇಲ್ಹಾಸು: ತಗಡೋ, ಹಲಗೆಯೋ, ರಬ್ಬರೋ?

ದಾವಣಗೆರೆಯಲ್ಲಿ ಮನೆ ಕಟ್ಟಿಸುವವರು ಕಾರಿಗೆಂದು ಬಿಟ್ಟ ಜಾಗಕ್ಕೆ ಕಾರಿಗಿಂತ ಮೊದಲು ಬಂದು ಸೇರುವುದು ಬೇರೆಯದೇ ಸಂಸಾರ. ಹೊಲಕ್ಕೆ ಔಷಧಿ ಹೊಡೆಯುವ ಪಂಪು, ಕಾಯಿಲ್ ಸುಟ್ಟ ಮೋಟರು, ತೋಟದ ಡ್ರಿಪ್ಪಿನ ಫಿಲ್ಟರು, ಮಗನ ಬೈಕಿನ ಚೈನು, ಇನ್‌ವರ್ಟರಿನ ಹಳೆ ಬ್ಯಾಟರಿ. ಇವನ್ನೆಲ್ಲ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ರಿಪೇರಿ ಮಾಡಿ ಸೊಂಟ ಹಿಡಿದುಕೊಂಡ ಮೇಲೆ ಒಂದು ಬೆಂಚು ಬೇಕು ಅನ್ನಿಸುತ್ತದೆ. ಕಾಲು, ಚೌಕಟ್ಟು ದೊಡ್ಡ ಮಾತಲ್ಲ. ಅಳತೆ ಬರೆದುಕೊಟ್ಟರೆ ಪಿ.ಬಿ. ರಸ್ತೆಯ ಆಸುಪಾಸಿನ ಯಾವ ವೆಲ್ಡಿಂಗ್ ಶಾಪಿನವರೂ ಆಂಗಲ್ ಕತ್ತರಿಸಿ ನಿಲ್ಲಿಸಿಕೊಡುತ್ತಾರೆ. ತಲೆ ಕೆಡುವುದು ಅದರ ಮೇಲೆ ಏನು ಹಾಸಬೇಕು ಎನ್ನುವಲ್ಲಿ.

ಬಡಗಿಯನ್ನು ಕೇಳಿದರೆ ಪ್ಲೈವುಡ್ ಹಾಕಿ ಸನ್‌ಮೈಕಾ ಅಂಟಿಸೋಣ ಅನ್ನುತ್ತಾನೆ. ವೆಲ್ಡಿಂಗಿನವನು 5 ಮಿಲಿಮೀಟರ್ ಪ್ಲೇಟಿಗಿಂತ ಕೆಳಗೆ ಇಳಿಯುವುದಿಲ್ಲ. ಮನೆ ಕಟ್ಟಿದ ಮೇಸ್ತ್ರಿ ಅಡುಗೆಮನೆಯಲ್ಲಿ ಉಳಿದ ಕಡಪಾ ಕಲ್ಲನ್ನು ತೋರಿಸುತ್ತಾನೆ. ಮೊಬೈಲ್ ರಿಪೇರಿ ಮಾಡುವ ಹುಡುಗನಿಗೆ ನೀಲಿ ಮ್ಯಾಟ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಒಬ್ಬರದೂ ಸುಳ್ಳಲ್ಲ; ಒಬ್ಬೊಬ್ಬರೂ ತಮ್ಮ ಕೈಗೆ ಬರುವ ಕೆಲಸವನ್ನು ಮನಸ್ಸಿನಲ್ಲಿಟ್ಟು ಹೇಳುತ್ತಾರೆ. ಮನೆಯ ಬೆಂಚಿನ ತೊಂದರೆ ಏನೆಂದರೆ ಅದರ ಮೇಲೆ ಇವರೆಲ್ಲರ ಕೆಲಸವೂ ನಡೆಯುತ್ತದೆ. ಬೆಳಿಗ್ಗೆ ಸುತ್ತಿಗೆ, ಮಧ್ಯಾಹ್ನ ಪೆಟ್ರೋಲು, ಸಂಜೆ ಸೋಲ್ಡರಿಂಗ್.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸವೆಯುವುದು, ಸುಡುವುದು, ಕಲೆಯಾಗುವುದು ಮೇಲ್ಹಾಸಿನ ಕೆಲಸ. ಹಾಳಾದ ದಿನ ಅದನ್ನು ಬಿಚ್ಚಿ ಬೇರೆಯದು ಹಾಕಲು ಬರುವಂತಿರಬೇಕು. ಅಂಟಿಸಿ ಕೂರಿಸಿದ ದುಬಾರಿ ಹಾಸಿಗಿಂತ ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಸಾಧಾರಣ ಹಾಸು ಹೆಚ್ಚು ಕಾಲ ಬರುತ್ತದೆ.

ಭಾರ ಹೊರುವವರು ಯಾರು

ವೆಲ್ಡಿಂಗ್ ಶಾಪಿನ ಹಿರಿಯ ಮೇಸ್ತ್ರಿಯೊಬ್ಬರು ಗಿರಾಕಿಗೆ ಹೇಳುತ್ತಿದ್ದ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ: "ತಗಡು ಎಷ್ಟು ದಪ್ಪ ಹಾಕಬೇಕು ಅಂತ ಎಲ್ಲರೂ ಕೇಳ್ತಾರೆ ಸಾರ್. ಅದರ ಕೆಳಗೆ ಏನೈತಿ ಅಂತ ಮಾತ್ರ ಯಾರೂ ಹೇಳಂಗಿಲ್ಲ."

ಕೆಳಗೆ ಏನಿದೆ ಎನ್ನುವುದು ಯಾಕೆ ಮುಖ್ಯ? ಬಾಗದೆ ನಿಲ್ಲುವ ಶಕ್ತಿ ದಪ್ಪದ ಜೊತೆ ಸುಮ್ಮನೆ ಏರುವುದಿಲ್ಲ, ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಈಗ 3 ಮಿ.ಮೀ. ಕಬ್ಬಿಣದ ತಗಡನ್ನೂ, 19 ಮಿ.ಮೀ.ನ ಎರಡು ಪ್ಲೈವುಡ್ ಹಲಗೆ ಸೇರಿಸಿ ಅಂಟಿಸಿದ 38 ಮಿ.ಮೀ. ಹಾಸನ್ನೂ ಪಕ್ಕಪಕ್ಕ ಇಡಿ. ವಸ್ತುವಾಗಿ ನೋಡಿದರೆ ಉಕ್ಕು ಪ್ಲೈವುಡ್ಡಿಗಿಂತ ಸುಮಾರು 25 ಪಟ್ಟು ಬಿಗಿ. ಆದರೆ ಪ್ಲೈವುಡ್ಡಿನ ದಪ್ಪ ಹನ್ನೆರಡೂವರೆ ಪಟ್ಟಿಗಿಂತ ಹೆಚ್ಚು. ಅದರ ಘನ ಎರಡು ಸಾವಿರ ದಾಟುತ್ತದೆ. ಭಾಗಿಸಿ ನೋಡಿದರೆ ಬಾಗುವ ವಿಚಾರದಲ್ಲಿ ಆ ಮರದ ಹಾಸು ತಗಡಿಗಿಂತ ಸುಮಾರು 80 ಪಟ್ಟು ಗಟ್ಟಿ. ಬರೀ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಬೆಂಚು ಸುತ್ತಿಗೆ ಬಿದ್ದಾಗ ತಮಟೆಯ ಹಾಗೆ ಬಡಿದುಕೊಳ್ಳುವುದು, ನಡುವೆ ಹೊಂಡ ಬೀಳುವುದು ಇದೇ ಕಾರಣಕ್ಕೆ.

ಅಂದರೆ ಭಾರ ಹೊರುವುದು ಕೆಳಗಿನ ಹಲಗೆ, ಏಟು ತಿನ್ನುವುದು ಮೇಲಿನ ಹಾಸು. ದುಡ್ಡು ಮಿತವಾಗಿದ್ದರೆ ಮೊದಲು ಹಲಗೆಗೆ ಹಾಕಿ. ಪ್ಲೈವುಡ್ ಕೊಳ್ಳುವಾಗ ಎಂ.ಆರ್. ಅಂತ ಮುದ್ರೆ ಇರುವುದು ಒಣ ಕೋಣೆಯ ಕಪಾಟಿಗೆ ಸರಿ. ಅದರ ಅಂಟು ನೀರಿಗೆ ಬಹಳ ಕಾಲ ನಿಲ್ಲುವುದಿಲ್ಲ. ಕುದಿವ ನೀರಿಗೂ ತಕ್ಕಮಟ್ಟಿಗೆ ತಾಳುವ ಬಿ.ಡಬ್ಲ್ಯು.ಆರ್. ದರ್ಜೆಯದಾದರೂ ಇರಲಿ. ಶೆಡ್ಡಿನ ಒಂದು ಕಡೆ ಗೋಡೆಯೇ ಇಲ್ಲದೆ ಮಳೆ ಎರಚಲು ಬರುವಂತಿದ್ದರೆ ಐಎಸ್ 710 ಮುದ್ರೆಯ ಮರೈನ್ ಪ್ಲೈ. ಆ ದರ್ಜೆಯ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪದರ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಪ್ಲೈವುಡ್ಡೇ ಆಗಬೇಕೆಂದೂ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಕರಿಜಾಲಿ ಮರವನ್ನು ಗಾಡಿಯ ಗುಂಬಕ್ಕೆ, ನೇಗಿಲಿಗೆ ಬಳಸುತ್ತಿದ್ದುದು ಸುಮ್ಮನೆ ಅಲ್ಲ. ಏಟಿಗೆ ಸೀಳದ ಮರ ಅದು. ಹಳೆ ಮನೆ ಕೆಡವಿದ ಕಡೆ ಮತ್ತಿಯದೋ ಹೊನ್ನೆಯದೋ ತೊಲೆ ಸಿಕ್ಕಿದರೆ ಮೊಳೆ ಕಿತ್ತು, ಸಾಮಿಲ್‌ನಲ್ಲಿ ಎರಡು ಇಂಚು ದಪ್ಪಕ್ಕೆ ಸೀಳಿಸಿದರೆ ಪ್ಲೈವುಡ್ಡಿನ ಅಂಗಡಿಗೆ ಹೋಗುವುದೇ ಬೇಡ. ಹಸಿ ಮರ ಮಾತ್ರ ಬೇಡ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ಒಣಗುತ್ತಾ ಸೊಟ್ಟಗಾಗಿ, ಮೇಲೆ ಹಾಕಿದ ಯಾವ ಹಾಸೂ ನೆಟ್ಟಗೆ ಕೂರುವುದಿಲ್ಲ.

ಬೆಂಚಿನ ಮೇಲೆ ಏನೇನು ಚೆಲ್ಲುತ್ತದೆ

ಹಾಸು ಆರಿಸುವವರು ಸಾಮಾನ್ಯವಾಗಿ ಸುತ್ತಿಗೆಯ ಏಟನ್ನೇ ಯೋಚಿಸುತ್ತಾರೆ. ಏಟಿಗಿಂತ ಹೆಚ್ಚು ಬೆಂಚುಗಳನ್ನು ಹಾಳು ಮಾಡುವುದು ದ್ರವಗಳು. ಒಂದೊಂದರ ಸ್ವಭಾವ ಒಂದೊಂದು ತರ.

ಎಂಜಿನ್ ಆಯಿಲ್ಲು, ಡೀಸೆಲ್ಲು, ಗ್ರೀಸು ಮರಕ್ಕೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಮರ ಕೊಳೆಯುವುದೇನಿಲ್ಲ, ಆದರೆ ಆಮೇಲೆ ಆ ಬೆಂಚಿನ ಮೇಲೆ ಬಣ್ಣ ಹಚ್ಚುವ ಸಾಮಾನು ಇಟ್ಟರೆ, ಹೊಲಿಗೆಗೆ ಬಂದ ಸೀಟ್ ಕವರ್ ಇಟ್ಟರೆ, ಎಣ್ಣೆ ಅದಕ್ಕೂ ಹತ್ತುತ್ತದೆ. ಪೆಟ್ರೋಲು, ಥಿನ್ನರ್ ಆಯಿಲ್ ಪೇಂಟನ್ನು ಮೆತ್ತಗೆ ಮಾಡುತ್ತವೆ. ಸಾಧಾರಣ ರಬ್ಬರಂತೂ ಪೆಟ್ರೋಲು ಕುಡಿದು ಊದಿಕೊಳ್ಳುತ್ತದೆ.

ಎಲ್ಲಕ್ಕಿಂತ ಮೋಸದ್ದು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ಲು, ಜಾತಿಯಲ್ಲಿ ಎಣ್ಣೆಯಲ್ಲ. ಬೈಕು ಕಾರುಗಳಲ್ಲಿ ಹಾಕುವ ಡಾಟ್ 3, ಡಾಟ್ 4 ಗ್ಲೈಕಾಲ್ ಬುಡದ ದ್ರವಗಳು. ಬಣ್ಣದ ಮೇಲೆ ಬಿದ್ದು ಸ್ವಲ್ಪ ಹೊತ್ತು ನಿಂತರೆ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಂತೆ ಬರುತ್ತದೆ. ಇದರಲ್ಲೊಂದು ವಿಚಿತ್ರವೂ ಇದೆ. ಎಂಜಿನ್ ಆಯಿಲ್ಲಿಗೆ ಜಗ್ಗದ ರಬ್ಬರು ನೈಟ್ರೈಲ್. ಆದರೆ ಬ್ರೇಕ್ ಆಯಿಲ್ಲಿಗೆ ಅದು ಸೋಲುತ್ತದೆ. ಬ್ರೇಕ್ ಆಯಿಲ್ಲಿಗೆ ಜಗ್ಗದ್ದು ಇಪಿಡಿಎಂ ರಬ್ಬರು, ಬ್ರೇಕಿನ ಒಳಗಿನ ಸೀಲುಗಳು ಆಗುವುದು ಅದರಿಂದಲೇ. ಅದು ಎಂಜಿನ್ ಆಯಿಲ್ಲಿಗೆ ಊದಿಕೊಳ್ಳುತ್ತದೆ. ಎರಡಕ್ಕೂ ತಾಳುವ ಅಗ್ಗದ ರಬ್ಬರ್ ಹಾಸು ಹುಡುಕುತ್ತಾ ಅಂಗಡಿ ಸುತ್ತುವ ಬದಲು, ಬ್ರೇಕಿನ ಕೆಲಸಕ್ಕೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳುವುದು ಜಾಣತನ. ಚೆಲ್ಲಿದರೆ ನೀರು ಹಾಕಿ ಒರೆಸಿದರೂ ಹೋಗುತ್ತದೆ, ಅದೊಂದು ಗುಣ ಅದಕ್ಕಿದೆ.

ಬ್ಯಾಟರಿಯ ಆ್ಯಸಿಡ್ ಇನ್ನೊಂದು ಕತೆ. ಅದು ಸಲ್ಫ್ಯೂರಿಕ್ ಆಮ್ಲ. ಕಬ್ಬಿಣದ ತಗಡನ್ನು ತಿನ್ನುತ್ತದೆ, ಜಿಂಕ್ ಲೇಪದ ತಗಡನ್ನು ಇನ್ನೂ ಬೇಗ ತಿನ್ನುತ್ತದೆ. ಕಡಪಾ ಕಲ್ಲು ಹಾಕಿದವರು ಕಲ್ಲಿಗೇನಾಗುತ್ತದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಕಡಪಾ ಸುಣ್ಣದ ಕಲ್ಲಿನ ಜಾತಿ; ಆಮ್ಲ ಬಿದ್ದ ಕಡೆ ನೊರೆ ಬಂದು, ಕಪ್ಪು ಹೊಳಪು ಹೋಗಿ, ಬೂದು ಬಣ್ಣದ ಒರಟು ಕಲೆ ಉಳಿಯುತ್ತದೆ. ಗ್ರಾನೈಟು ಈ ವಿಷಯದಲ್ಲಿ ಎಷ್ಟೋ ವಾಸಿ. ಬ್ಯಾಟರಿಗೆ ಒಂದು ಪ್ಲಾಸ್ಟಿಕ್ ಟ್ರೇ, ಪಕ್ಕದಲ್ಲಿ ಒಂದು ಡಬ್ಬಿ ಅಡುಗೆ ಸೋಡಾ ಇದ್ದರೆ ಯಾವ ಹಾಸಾದರೂ ಬದುಕುತ್ತದೆ. ಬ್ಯಾಟರಿಯನ್ನು ಸಿಮೆಂಟಿನ ಮೇಲೆ, ಕಲ್ಲಿನ ಮೇಲೆ ಇಟ್ಟರೆ ಚಾರ್ಜು ಇಳಿಯುತ್ತದೆ ಎಂದು ಹಲಗೆ ಹುಡುಕುವವರು ಈಗಲೂ ಇದ್ದಾರೆ. ಹೊರಗವಚ ರಬ್ಬರಿನದಾಗಿದ್ದ ಕಾಲದ ಮಾತು ಅದು. ಇವತ್ತಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅದು ಹೊಂದುವುದಿಲ್ಲ.

ಶಾಖದ ಲೆಕ್ಕ ಸುಲಭ. ಸೋಲ್ಡರಿಂಗ್ ಐರನ್ನಿನ ತುದಿ 300ರಿಂದ 400 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸನ್‌ಮೈಕಾ ಬಿಸಿ ಚಹಾದ ಲೋಟಕ್ಕೆ ಹೆದರುವುದಿಲ್ಲ, ಐರನ್ನಿನ ತುದಿ ತಗುಲಿದರೆ ಕಂದು ಗುಳ್ಳೆ ಏಳುತ್ತದೆ. ಪಿವಿಸಿ ಹಾಸು ಕರಗುತ್ತದೆ. ಮರ ಕರಿಯಾಗುತ್ತದೆ, ಅಷ್ಟೇ; ಉಜ್ಜಿದರೆ ಹೋಯಿತು. ವೆಲ್ಡಿಂಗಿನ ಮಾತು ಬೇರೆ: ಮೇಲೆ ತಗಡಿದ್ದರೂ ಕೆಳಗಿನ ಪ್ಲೈವುಡ್ಡಿಗೆ ಶಾಖ ಇಳಿದು ಒಳಗೊಳಗೇ ಹೊಗೆಯಾಡಬಹುದು. ಮರ ಇರುವ ಬೆಂಚಿನ ಮೇಲೆ ವೆಲ್ಡಿಂಗ್ ಬೇಡ. ಅದಕ್ಕೆ ಬರೀ ಆಂಗಲ್ಲಿನ ಮೇಲೆ ದಪ್ಪ ಪ್ಲೇಟಿನ ಬೇರೆ ಸ್ಟ್ಯಾಂಡು ಮಾಡಿಸಿ.

ತಗಡಿನ ಗುಣದೋಷ

ಸ್ಕ್ರೂ ಬಿಚ್ಚುವ, ಬೇರಿಂಗ್ ಹೊಡೆಯುವ, ಪಂಪಿನ ಹೊಟ್ಟೆ ತೆರೆಯುವ ಕೆಲಸವೇ ಹೆಚ್ಚಾಗಿದ್ದರೆ ಎಂ.ಎಸ್. ಶೀಟನ್ನು, ಅಂದರೆ ಸಾದಾ ಕಬ್ಬಿಣದ ತಗಡನ್ನು, ಮೀರಿಸಿದ್ದಿಲ್ಲ. ಎಣ್ಣೆ ಇಂಗುವುದಿಲ್ಲ, ಒರೆಸಿದರೆ ಶುದ್ಧ. ಅಯಸ್ಕಾಂತ ಹಿಡಿಯುತ್ತದೆ, ಹಾಗಾಗಿ ಮ್ಯಾಗ್ನೆಟ್ ತಳದ ಲೈಟನ್ನೂ ಸ್ಕ್ರೂ ಬಟ್ಟಲನ್ನೂ ಬೇಕೆಂದ ಕಡೆ ನಿಲ್ಲಿಸಬಹುದು. ತುಕ್ಕು ಹಿಡಿಯುವುದು ನಿಜ. ಆದರೆ ನಮ್ಮದು ಕಾರವಾರವೂ ಅಲ್ಲ, ಆಗುಂಬೆಯೂ ಅಲ್ಲ. ದಾವಣಗೆರೆ, ಚಿತ್ರದುರ್ಗದ ಒಣ ಹವೆಯಲ್ಲಿ ದಿನಾ ಕೈಯಾಡುವ ತಗಡು ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿ ತನ್ನಷ್ಟಕ್ಕೆ ಇರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಬ್ಬಿಣದ ಮೇಲೆ ಪೇಂಟು ಹೊಡೆಸುವುದು ನನಗೆ ಸರಿಬರುವುದಿಲ್ಲ. ಮೊದಲ ಬ್ರೇಕ್ ಕೆಲಸಕ್ಕೇ ಅದು ಕೈಗೆ ಬರುತ್ತದೆ.

ದಪ್ಪ ಎಷ್ಟು? ಕೆಳಗೆ ಗಟ್ಟಿ ಹಲಗೆ ಇದ್ದರೆ 3 ಮಿ.ಮೀ. ಧಾರಾಳ. 2 ಮಿ.ಮೀ. ಕೂಡ ನಡೆಯುತ್ತದೆ, ಸುತ್ತಿಗೆಯ ತುದಿ ತಾಗಿದ ಕಡೆ ಚುಚ್ಚಿದ ಗುರುತು ಬೀಳುತ್ತದೆ. 5 ಮಿ.ಮೀ. ಬೇಕಾಗುವುದು ಟ್ರ್ಯಾಕ್ಟರಿನ ಸಾಮಾನು ಎತ್ತಿ ಹಾಕುವವರಿಗೆ. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಮಾತಾಡಿದರೆ ಒಂದು ನೆನಪಿರಲಿ: ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳು. 16 ಗೇಜ್ ಅಂದರೆ ಸುಮಾರು 1.6 ಮಿ.ಮೀ., 18 ಗೇಜ್ ಸುಮಾರು 1.2, 10 ಗೇಜ್ ಅಂದರೆ 3 ಮಿ.ಮೀ.ಗಿಂತ ಸ್ವಲ್ಪ ಮೇಲೆ.

ಶೀಟನ್ನು ಮಾರುವುದು ತೂಕದ ಮೇಲೆ. ಹೋಗುವ ಮೊದಲೇ ತೂಕ ಲೆಕ್ಕ ಹಾಕಿಕೊಂಡರೆ ಯಾರೂ ಯಾಮಾರಿಸಲು ಬರುವುದಿಲ್ಲ. ಉದ್ದ ಅಡಿಯಲ್ಲಿ, ಅಗಲ ಅಡಿಯಲ್ಲಿ, ದಪ್ಪ ಮಿಲಿಮೀಟರಿನಲ್ಲಿ ಇಟ್ಟು ಮೂರನ್ನೂ ಗುಣಿಸಿ, ಬಂದದ್ದನ್ನು 0.73ರಿಂದ ಗುಣಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಆರಡಿ ಉದ್ದ, ಎರಡಡಿ ಅಗಲ, 3 ಮಿ.ಮೀ.: ಸುಮಾರು 26 ಕಿಲೋ. ಅದೇ ಅಳತೆಗೆ 5 ಮಿ.ಮೀ. ಹಾಕಿದರೆ 44 ಕಿಲೋ ಹತ್ತಿರ. ಬೆಂಚಿನ ಕಾಲನ್ನು ಮಾಡಿಸುವವರಿಗೂ ಈ ಲೆಕ್ಕ ಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಇಡೀ 3 ಮಿ.ಮೀ. ಶೀಟು 70 ಕಿಲೋ. ಒಬ್ಬರೇ ಆಟೋದಿಂದ ಇಳಿಸುತ್ತೇನೆ ಎಂದು ಹೊರಡಬೇಡಿ, ಅದರ ಅಂಚು ಚೂರಿ ಇದ್ದಂತೆಯೇ.

ತಗಡಿನ ಮುಖ್ಯ ದೋಷ ಕರೆಂಟು. ಸುಟ್ಟ ಮೋಟರನ್ನು ಬಿಚ್ಚಿ, ವೈರು ಹೊರಗೆ ಬಿಟ್ಟು, ಒಮ್ಮೆ ಲೈನ್ ಕೊಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಬಹಳ. ಬೋರ್‌ವೆಲ್ ಮೋಟರಿನ ಊರು ನಮ್ಮದು, ಇಂಥ ಪರೀಕ್ಷೆ ತಪ್ಪಿದ್ದಲ್ಲ. ಬೆಂಚೇ ಕಬ್ಬಿಣವಾದಾಗ ಜೋಲುವ ಒಂದು ವೈರು ತಗುಲಿದರೆ ಇಡೀ ಬೆಂಚಿಗೆ ಕರೆಂಟು ಬರುತ್ತದೆ, ಹೊಟ್ಟೆ ತಾಗಿಸಿ ನಿಂತಿರುವುದು ನೀವು. ತಗಡು ಹಾಕುವುದೇ ಆದರೆ ಬೆಂಚಿನ ಕಬ್ಬಿಣಕ್ಕೂ ಮೇಲಿನ ತಗಡಿಗೂ ಅರ್ಥಿಂಗ್ ವೈರು ಎಳೆಸಿ, ಆ ಬೋರ್ಡಿಗೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ. ಲೈನ್ ಇರುವ ಕೆಲಸವನ್ನು ತಗಡಿನ ಮೇಲೆ ಮಾಡಲೇಬೇಡಿ; ಬೆಂಚಿನ ಅರ್ಧ ಭಾಗ ಮರವೇ ಇರಲಿ.

ಬಡಗಿಗಳು ತಗಡನ್ನು ಒಲ್ಲೆ ಅನ್ನುವುದಕ್ಕೂ ಕಾರಣವಿದೆ. ಉಳಿ ಜಾರಿ ತಗಡಿಗೆ ತಾಗಿದರೆ ಬಾಯಿ ಹೋಗುತ್ತದೆ ಎನ್ನುವುದು ಒಂದು. ಇನ್ನೊಂದು ಕಣ್ಣಿಗೆ ತಡವಾಗಿ ಬೀಳುವಂಥದ್ದು: ಜಾಲಿ, ಹೊನ್ನೆ, ತೇಗ ಇಂಥ ಮರಗಳಲ್ಲಿ ಟ್ಯಾನಿನ್ ಇರುತ್ತದೆ. ಚರ್ಮ ಹದ ಮಾಡಲು ಜಾಲಿಯ ತೊಗಟೆ ಬಳಸುವುದು ಅದಕ್ಕೇ. ಒದ್ದೆ ಮರಕ್ಕೆ ಕಬ್ಬಿಣದ ಪುಡಿ ತಾಗಿದರೆ ಆ ಟ್ಯಾನಿನ್ನು ಕಬ್ಬಿಣದೊಂದಿಗೆ ಸೇರಿ ಶಾಯಿಯಂಥ ಕಪ್ಪು ಕಲೆ ಕೂರುತ್ತದೆ. ಗ್ರೈಂಡರ್ ಹಿಡಿದ ಬೆಂಚಿನ ಮೇಲೆ ಬಾಗಿಲ ಹಲಗೆ ಇಟ್ಟು ನೀರಿನ ಬಟ್ಟೆಯಲ್ಲಿ ಒರೆಸಿದವರಿಗೆ ಮರುದಿನ ಚುಕ್ಕೆಚುಕ್ಕೆ ಕಾಣುವುದು ಹೀಗೆ.

ಜಿಐ ಶೀಟು ತುಕ್ಕಿಗೆ ತಾಳುತ್ತದೆ, ಆದರೆ ಬೆಂಚಿಗೆ ಸಿಗುವುದು ಸಾಮಾನ್ಯವಾಗಿ ತೆಳು, ಮೇಲಿನ ಜಿಂಕ್ ಲೇಪ ಉಜ್ಜಾಟಕ್ಕೆ ಸವೆಯುತ್ತದೆ. ಅದರ ಮೇಲೆ ವೆಲ್ಡಿಂಗ್ ಮಾಡಿದರೆ ಏಳುವ ಜಿಂಕ್ ಹೊಗೆ ಕುಡಿದು ರಾತ್ರಿ ಚಳಿಜ್ವರ ಬರುವುದುಂಟು. ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ, ದ್ರವಗಳಿಗೆ ಜಗ್ಗದು. ಹಾರ್ಡ್‌ವೇರ್ ಕೆಲಸಕ್ಕೆ ಜಾರುತ್ತದೆ, ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮ್ಯಾಗ್ನೆಟ್ ಲೈಟು ನಿಲ್ಲುವುದಿಲ್ಲ. ಮ್ಯಾಗ್ನೆಟ್ ಹಿಡಿಯಲಿಲ್ಲ, ಹಾಗಾಗಿ ಇದು ಒಳ್ಳೆಯ 304 ದರ್ಜೆಯ ಸ್ಟೀಲು ಅಂತ ಅಂಗಡಿಯವರು ತೋರಿಸುವ ಪರೀಕ್ಷೆಯನ್ನು ನಂಬಬೇಡಿ. ಅಗ್ಗದ 202 ಕೂಡ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಉಬ್ಬು ಗೆರೆಯ ಚೆಕರ್ಡ್ ಪ್ಲೇಟು ಲಾರಿಯ ಮೆಟ್ಟಿಲಿಗೆ ಇರಲಿ. ಅದರ ಮೇಲೆ ಒಂದು ನಟ್ಟೂ ನೆಟ್ಟಗೆ ನಿಲ್ಲದು.

ಮರ, ಹಾರ್ಡ್‌ಬೋರ್ಡ್, ಸನ್‌ಮೈಕಾ

ತಗಡು ಬೇಡದವರಿಗೆ ನಾನು ಹೇಳುವುದು ಹಾರ್ಡ್‌ಬೋರ್ಡ್. ಹೌದು, ಕಪಾಟಿನ ಬೆನ್ನಿಗೆ ಹೊಡೆಯುವ ಅದೇ 3 ಮಿ.ಮೀ. ಕಂದು ಹಲಗೆ. ಕೇಳಿದ ಕೂಡಲೇ ಜನ ನಗುತ್ತಾರೆ. ಆದರೆ ಗಟ್ಟಿ ಹಲಗೆಯ ಮೇಲೆ ಸಮತಟ್ಟಾಗಿ ಕೂತಾಗ ಅದು ಸುತ್ತಿಗೆ ಏಟಿಗೆ ಬಿರಿಯುವುದಿಲ್ಲ, ನುಣುಪು, ಉಳಿಯ ಬಾಯಿ ಕೆಡಿಸುವುದಿಲ್ಲ, ತಿಳಿ ಬಣ್ಣವಾದ್ದರಿಂದ ಬಿದ್ದ ಸಣ್ಣ ಸ್ಕ್ರೂ ಕಾಣುತ್ತದೆ. ಎಣ್ಣೆ ಕುಡಿಯುತ್ತದೆ, ನೀರು ನಿಂತರೆ ಊದುತ್ತದೆ. ಕುಡಿಯಲಿ, ಊದಲಿ. ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿ ಬೇರೆ ತುಂಡು ಹಾಕಲು ಅರ್ಧ ಗಂಟೆ ಬೇಡ. ಒಂದು ಎಂಟು-ನಾಲ್ಕರ ಶೀಟಿನಲ್ಲಿ ಎರಡಡಿ ಅಗಲದ ಬೆಂಚಿಗೆ ಎರಡು ಹಾಸು ಬರುತ್ತವೆ. ಒಂದು ಇವತ್ತಿಗೆ, ಇನ್ನೊಂದು ಗೋಡೆಗೆ ಒರಗಿಸಿಟ್ಟಿರಿ.

ಬರೀ ಮರವನ್ನೇ ಇಟ್ಟುಕೊಳ್ಳುವವರು ಬೇಯಿಸಿದ ಅಗಸೆ ಎಣ್ಣೆ ಹಚ್ಚುತ್ತಾರೆ. ಮೂರ್ನಾಲ್ಕು ಸಲ ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿ, ಒಣಗಲು ಬಿಟ್ಟರೆ ಮರ ಬೇಗ ಕೊಳೆ ಹಿಡಿಯುವುದಿಲ್ಲ, ಹೊಳಪೂ ಬೇಕಾದಷ್ಟೇ. ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಅಗಸೆ ಎಣ್ಣೆ ಒಣಗುವುದೆಂದರೆ ನೀರಿನ ಹಾಗೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು, ಹಾಗೆ ಹೀರುವಾಗ ಶಾಖ ಹುಟ್ಟುತ್ತದೆ. ಬೆಂಚಿನ ಮೇಲೆ ಹರಡಿದ ಎಣ್ಣೆಯ ಶಾಖ ಗಾಳಿಗೆ ಹೋಗುತ್ತದೆ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ತಗಡಿನ ಸೂರಿನ ಶೆಡ್ಡು ಮೊದಲೇ ಕಾದಿರುತ್ತದೆ. ಆ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಎಪಾಕ್ಸಿ ಲೇಪವನ್ನೂ ಕೆಲವರು ಸೂಚಿಸುತ್ತಾರೆ. ಎರಡು ಡಬ್ಬಿ ಬೆರೆಸಿ ಹಚ್ಚುವ ಆ ಲೇಪ ಗಟ್ಟಿಯಾದ ಮೇಲೆ ಎಣ್ಣೆ, ಪೆಟ್ರೋಲಿಗೆ ಚೆನ್ನಾಗಿ ತಾಳುತ್ತದೆ. ಸುತ್ತಿಗೆಗೆ ಚಕ್ಕೆ ಏಳುತ್ತದೆ, ಚಕ್ಕೆ ಎದ್ದ ಕಡೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ. ಕಾರ್ಬ್ಯುರೇಟರ್ ತೊಳೆಯುವ ಕೆಲಸವೇ ಹೆಚ್ಚಿದ್ದು, ಹೊಡೆತದ ಕೆಲಸ ಕಡಿಮೆ ಇದ್ದರೆ ಯೋಚಿಸಬಹುದು.

ಸನ್‌ಮೈಕಾ ಎಂದು ನಾವು ಕರೆಯುವ ಲ್ಯಾಮಿನೇಟು ಅಂಟಿನಲ್ಲಿ ನೆನೆಸಿದ ಕಾಗದದ ಪದರಗಳನ್ನು ಒತ್ತಿ ಮಾಡಿದ್ದು. ಬೆಂಚಿಗೆ 1 ಮಿ.ಮೀ.ಗಿಂತ ತೆಳುವಾದದ್ದು ವ್ಯರ್ಥ. ಅಳತೆ, ಗುರುತು, ವೈರಿಂಗ್, ಬರವಣಿಗೆಯ ಕೆಲಸಕ್ಕೆ ಚೊಕ್ಕಟ. ಆದರೆ ಹಲಗೆಯ ಒಂದೇ ಮುಖಕ್ಕೆ ಅಂಟಿಸಿದರೆ ಆ ಮುಖ ತೇವ ಬಿಡದು, ಕೆಳ ಮುಖ ಋತು ಬದಲಾದಂತೆ ತೇವ ಹೀರುತ್ತಾ ಬಿಡುತ್ತಾ ಇರುತ್ತದೆ. ಕೊನೆಗೆ ಹಲಗೆ ಬಿಲ್ಲಾಗುತ್ತದೆ. ಕೆಳಗೂ ಅಗ್ಗದ ಲ್ಯಾಮಿನೇಟು ಅಂಟಿಸಬೇಕು, ಕನಿಷ್ಠ ಎರಡು ಸಲ ಪೇಂಟನ್ನಾದರೂ ಹೊಡೆಯಬೇಕು. ರಬ್ಬರ್ ಅಂಟಿನಲ್ಲಿ ಒತ್ತಿಸಿದ್ದು ನಮ್ಮ ಶೆಡ್ಡಿನ ಬಿಸಿಗೆ ಅಂಚಿನಲ್ಲಿ ಬಾಯಿ ಬಿಡುವುದುಂಟು. ನಿಧಾನವಾದರೂ ಬಡಗಿಯ ಬಿಳಿ ಅಂಟು ಹಾಕಿ, ರಾತ್ರಿಯಿಡೀ ಭಾರ ಹೇರಿ ಕೂರಿಸಿದ್ದು ವಾಸಿ.

ಕಲ್ಲು, ರಬ್ಬರು, ಫ್ಲೆಕ್ಸು

ಗ್ರಾನೈಟು ಗಟ್ಟಿ ನಿಜ, ಒರಟು ಕೆಲಸಕ್ಕಲ್ಲ. ಎರಡು ಕಾಲಿನ ನಡುವೆ ಆಧಾರವಿಲ್ಲದ ಕಡೆ ಭಾರದ್ದೊಂದು ಬಿದ್ದರೆ ಇಬ್ಭಾಗ. ಬಿದ್ದ ಸಾಮಾನಿಗೂ ಪೆಟ್ಟೇ. ಅಲ್ಯೂಮಿನಿಯಂ ಕವರಿನ ಕಿವಿ ಮುರಿಯಲು ಒಮ್ಮೆ ಕೈ ಜಾರಿದರೆ ಸಾಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಂಥ ಲೇತ್ ಕಾರ್ಖಾನೆಗಳಿಂದಾಗಿ ಫಿಟ್ಟರ್ ಕೆಲಸ ಬಲ್ಲ ಹಿರಿಯರು ಈ ಸೀಮೆಯಲ್ಲಿ ಇನ್ನೂ ಸಿಗುತ್ತಾರೆ. ಗ್ರಾನೈಟ್ ಹಾಸನ್ನು ಕಂಡರೆ ಅವರಿಗೆ ನೆನಪಾಗುವುದು ಸರ್ಫೇಸ್ ಪ್ಲೇಟು. ಅದು ಅಳೆಯಲು ಇರುವ ಸಮತಲ, ಅದರ ಮೇಲೆ ಸುತ್ತಿಗೆ ಇಡುವುದೂ ಅಪರಾಧ. ಒಂದೂವರೆ ಅಡಿಯ ಗ್ರಾನೈಟ್ ತುಂಡನ್ನು ಆ ತರ ಬೇರೆಯಾಗಿ ಇಟ್ಟುಕೊಂಡರೆ ಗ್ಯಾಸ್ಕೆಟ್ ಮುಖ ಸಮ ಇದೆಯೇ ಎಂದು ಅಂದಾಜು ನೋಡಲು ಬರುತ್ತದೆ.

ಗಣಿ, ಕ್ರಷರುಗಳ ಕಡೆಯಿಂದ ಗುಜರಿಗೆ ಬರುವ ಹಳೆ ಕನ್ವೇಯರ್ ಬೆಲ್ಟಿನ ತುಂಡು ಏಟಿಗೆ ಅದ್ಭುತ. ಒಳಗೆ ಬಟ್ಟೆಯ ಪದರ ಇರುವುದರಿಂದ ಹರಿಯದು, ಸದ್ದು ನುಂಗುತ್ತದೆ, ಬಿದ್ದ ಪಾನಾ ಜಿಗಿಯುವುದಿಲ್ಲ. ಆದರೆ ಸಾಧಾರಣ ಬೆಲ್ಟಿನ ರಬ್ಬರು ಎಣ್ಣೆಗೆ ಊದುವ ಜಾತಿಯದು, ಕೈಗೆ ಕಪ್ಪು ಹತ್ತಿಸುತ್ತದೆ. ಇಡೀ ಬೆಂಚಿಗೆ ಹಾಸದೆ, ಎರಡಡಿ ತುಂಡೊಂದನ್ನು ಸುತ್ತಿಗೆಯ ಕೆಲಸಕ್ಕೆ ಮಾತ್ರ ಎಳೆದುಕೊಳ್ಳಿ. ಎಂಜಿನ್ ಕೆಲಸಕ್ಕೆ ಬೇಕಾದರೆ ನೈಟ್ರೈಲ್ ಶೀಟು ಎಂದು ಹೆಸರು ಹಿಡಿದೇ ಕೇಳಿ. ಬರೀ ರಬ್ಬರ್ ಮ್ಯಾಟ್ ಎಂದರೆ ಬಾಗಿಲ ಮುಂದೆ ಹಾಸುವುದನ್ನು ಕತ್ತರಿಸಿಕೊಡುತ್ತಾರೆ.

ಎಲೆಕ್ಟ್ರಾನಿಕ್ಸ್ ಕೆಲಸದ ನೀಲಿ, ಹಸಿರು ಮ್ಯಾಟಿನ ಕತೆ ಬೇರೆ. ಅದರ ಕೆಲಸ ಸ್ಥಿರವಿದ್ಯುತ್ತನ್ನು ನಿಧಾನವಾಗಿ ನೆಲಕ್ಕೆ ಇಳಿಸುವುದು. ಅರ್ಥಿಂಗಿಗೆ ಹೋಗುವ ಅದರ ತಂತಿಯಲ್ಲಿ ಸಾಮಾನ್ಯವಾಗಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ತಂತಿಯನ್ನೇ ಸಿಕ್ಕಿಸದೆ ಮ್ಯಾಟ್ ಹಾಸಿದರೆ ಅದು ಬಣ್ಣದ ರಬ್ಬರಷ್ಟೇ. ಗಾಳಿ ಒಣಗಿದಷ್ಟೂ ಸ್ಥಿರವಿದ್ಯುತ್ತಿನ ಕಾಟ ಜಾಸ್ತಿ, ಆದ್ದರಿಂದ ಮಾರ್ಚಿ ಏಪ್ರಿಲ್ಲಿನಲ್ಲಿ ಇದನ್ನು ಕಡೆಗಣಿಸಬಾರದು.

ಇನ್ನು ಹಳೆ ಫ್ಲೆಕ್ಸು. ನಮ್ಮ ಊರುಗಳಲ್ಲಿ ಹುಟ್ಟುಹಬ್ಬ ಮುಗಿದ ಮರುದಿನ ಬಿಟ್ಟಿ ಸಿಗುವ ಹಾಸು ಇದೊಂದೇ. ಪೇಂಟು ಹೊಡೆಯುವಾಗ ಒಂದು ದಿನದ ಮಟ್ಟಿಗೆ ಹಾಸಿ ಎಸೆಯಲು ಉತ್ತಮ. ಥಿನ್ನರ್ ಬಿದ್ದರೆ ಮುಖಂಡರ ನಗು ನಿಮ್ಮ ಸಾಮಾನಿಗೆ ಅಂಟಿಕೊಳ್ಳುತ್ತದೆ.

ಕೂರಿಸುವ ಬಗೆ

ನನ್ನ ಆಯ್ಕೆ ಕೇಳಿದರೆ: ಎರಡು ಪದರ ಪ್ಲೈವುಡ್ಡಿನ ಬುಡ, ವೈಸ್ (ಸಾಮಾನನ್ನು ಕಚ್ಚಿ ಹಿಡಿಯುವ ಇಕ್ಕಳ) ಇರುವ ಕಡೆಯ ಮೂರಡಿಗೆ 3 ಮಿ.ಮೀ. ಎಂ.ಎಸ್. ತಗಡು, ಉಳಿದ ಕಡೆ ಹಾರ್ಡ್‌ಬೋರ್ಡ್. ಎರಡೂ 3 ಮಿ.ಮೀ. ಆದ್ದರಿಂದ ಮಟ್ಟ ಒಂದೇ ಇರುತ್ತದೆ, ಉದ್ದದ ಸಾಮಾನು ಇಟ್ಟರೆ ಕುಲುಕುವುದಿಲ್ಲ. ವೈಸ್‌ನ ಬೋಲ್ಟು ತಗಡು, ಎರಡು ಪ್ಲೈ ಎಲ್ಲವನ್ನೂ ದಾಟಿ ಕೆಳಗಿನ ಆಂಗಲ್ಲಿಗೆ ಬಿಗಿಯಬೇಕು. ಬರೀ ಮರಕ್ಕೆ ಸ್ಕ್ರೂ ಹೊಡೆದರೆ ಉದ್ದ ಪೈಪು ಹಾಕಿ ಎಳೆದ ದಿನ ವೈಸ್ ಕೈಗೇ ಬರುತ್ತದೆ.

ತಗಡನ್ನು ಪೂರ್ತಿ ಅಂಟಿಸಬೇಡಿ. ಕಬ್ಬಿಣ ಬಿಸಿಗೆ ಹಿಗ್ಗುತ್ತದೆ, ಪ್ಲೈವುಡ್ಡು ಅಷ್ಟು ಹಿಗ್ಗುವುದಿಲ್ಲ. ಆರಡಿ ಉದ್ದದ ತಗಡು ಬೆಳಗಿನ ಜಾವದಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಕಾದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡು ಪಟ್ಟು ಹತ್ತಿರ. ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತದೆ. ಎರಡು ತುದಿಯೂ ಬಿಗಿದಿದ್ದರೆ ಆ ಅರ್ಧ ಮಿಲಿಮೀಟರೇ ನಡುವೆ ಗುಬುಟಾಗಿ ಎದ್ದು, ಕೈ ಇಟ್ಟಾಗೆಲ್ಲ ಡುಬ್ ಡುಬ್ ಅನ್ನುತ್ತದೆ. ತುದಿಯ ತೂತುಗಳನ್ನು ಉದ್ದಕ್ಕೆ ಸ್ವಲ್ಪ ಅಗಲಿಸಿ, ಸ್ಕ್ರೂವನ್ನು ಮೈಮುರಿಯುವಷ್ಟು ಬಿಗಿಯದೆ ಬಿಟ್ಟರೆ ತಗಡು ತನ್ನ ಪಾಡಿಗೆ ಓಡಾಡುತ್ತದೆ.

ಹಿಂದಿನ ಅಂಚಿಗೆ ಎರಡು ಇಂಚು ಎತ್ತರದ ಪಟ್ಟಿ ನಿಲ್ಲಿಸಿ, ಇಲ್ಲವಾದರೆ ನಟ್ಟುಗಳೆಲ್ಲ ಗೋಡೆಯ ಸಂದಿಗೇ ಉರುಳುತ್ತವೆ. ಮುಂದಿನ ಅಂಚನ್ನು ಕಾನಸಿನಿಂದ ಉಜ್ಜಿ ದುಂಡಗೆ ಮಾಡಿ, ಅಂಗಿ ಸಿಕ್ಕಿ ಹರಿಯದ ಹಾಗೆ. ಅಂಚಿಗೆ ಆಂಗಲ್ ಕೊಡುವುದಾದರೆ ಅದರ ಮೇಲ್ಮೈ ತಗಡಿನ ಮಟ್ಟಕ್ಕೆ ಇರಲಿ, ಒಂದು ಮಿಲಿಮೀಟರ್ ಎದ್ದಿದ್ದರೂ ಕಸ ಗುಡಿಸಿ ಕೆಳಗೆ ತಳ್ಳಲು ಬರುವುದಿಲ್ಲ.

ಸ್ಕ್ರೂ ತಲೆ ಮುಳುಗಲೆಂದು ಮೇಲ್ಮುಖದಲ್ಲಿ ಕೌಂಟರ್‌ಸಿಂಕ್ ಹೊಡೆಸಿದರೆ ಆ ತಗಡನ್ನು ಆಮೇಲೆ ಮಗುಚಿ ಹಾಕಲು ಬರುವುದಿಲ್ಲ, ಹೊಂಡ ಕೆಳಗೆ ಹೋಗಿ ಸ್ಕ್ರೂ ತಲೆ ಮೇಲೆ ಎದ್ದು ಕೂರುತ್ತದೆ. ಅದರ ಬದಲು ಸ್ಕ್ರೂಗಳನ್ನು ಎರಡು ತುದಿಯ ಅಂಚಿಗಷ್ಟೇ ಇಟ್ಟು, ಅಲ್ಲಿ ತಗಡಿನ ಮೇಲೆ ಒಂದು ಇಂಚಿನ ಪಟ್ಟಿ ಕೂರಿಸಿ, ಸ್ಕ್ರೂಗಳನ್ನು ಅದರ ಮೂಲಕ ಇಳಿಸಿ ಒತ್ತಿ ಹಿಡಿಸಿ. ಕೌಂಟರ್‌ಸಿಂಕ್ ಬೇಕಾದರೆ ಪಟ್ಟಿಗೆ ಹೊಡೆಸಿ. ತಗಡಿಗೆ ನೇರ ತೂತು ಮಾತ್ರ, ಎರಡೂ ಕಡೆಯಿಂದ ಒಂದೇ ಅಳತೆಗೆ. ವೈಸ್‌ನ ಬೋಲ್ಟಿನ ತೂತುಗಳನ್ನು ಅಗಲದ ನಡುಗೆರೆಗೆ ಸರಿಸಮವಾಗಿ ಹಾಕಿಸಲು ಜಾಗವಿಲ್ಲದಿದ್ದರೆ, ವೈಸ್ ಕೂರುವಷ್ಟು ತುಂಡನ್ನು ಬೇರೆಯಾಗಿಯೇ ಕತ್ತರಿಸಿ ಹಾಕಿಸಿ. ಆಗ ಮೇಲ್ಮುಖ ಚುಚ್ಚಿ, ಕೊರೆದು, ಕಲೆಯಾಗಿ ಬೇಸರ ಬಂದ ದಿನ ವೈಸ್‌ಗೆ ಕೈ ಹಾಕದೆ ಪಟ್ಟಿ ಬಿಚ್ಚಿ, ತಗಡು ಮಗುಚಿ, ಮತ್ತೆ ಬಿಗಿದರಾಯಿತು.